ಕೊಯ್ದ ಹೂವನ್ನು ಬಾಳಿಸುವುದು: ವಿಶೇಷ ಜಾತಿಯ ಕಟ್ ಫ್ಲವರ್‌ಗಳ ಬೆಳೆ ಮತ್ತು ಕೊಯ್ಲೋತ್ತರ ಆರೈಕೆ

ಗುಲಾಬಿ, ಕಾರ್ನೇಷನ್, ಸೇವಂತಿಗೆಗಳಿಗೆ ಗಿಡದಿಂದ ಹೂದಾನಿಯವರೆಗಿನ ದಾರಿ ಎಂದೋ ಗೊತ್ತಾಗಿದೆ. ಯಾವ ಹಂತದಲ್ಲಿ ಕೊಯ್ಯಬೇಕು, ಯಾವ ದ್ರಾವಣದಲ್ಲಿ ನಿಲ್ಲಿಸಬೇಕು, ಎಷ್ಟು ತಂಪಿನಲ್ಲಿಡಬೇಕು ಎಂಬುದೆಲ್ಲ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಝಿನಿಯಾ, ಡೇಲಿಯಾ, ಲಿಸಿಯಾಂಥಸ್, ಲಾರ್ಕ್‌ಸ್ಪರ್, ಸುಗಂಧರಾಜ, ಸೂರ್ಯಕಾಂತಿ, ಸ್ವೀಟ್ ಪೀ ಮುಂತಾದ ವಿಶೇಷ ಜಾತಿಗಳು ಹಾಗಲ್ಲ. ಇವನ್ನೆಲ್ಲ ಒಂದೇ ಬೆಳಗ್ಗೆ ಕೊಯ್ದು 2 °ಸೆ. ಕೋಣೆಯಲ್ಲಿ ಒಟ್ಟಿಗೆ ಇಟ್ಟು ನೋಡಿ. ಲಿಸಿಯಾಂಥಸ್ ನಳನಳಿಸುತ್ತಿರುತ್ತದೆ, ಝಿನಿಯಾದ ಎಸಳು ಕಂದಿರುತ್ತದೆ. ಪಕ್ಕದಲ್ಲಿ ಯಾರೋ ಹಣ್ಣಿನ ಬುಟ್ಟಿ ಇಟ್ಟಿದ್ದರೆ ಲಾರ್ಕ್‌ಸ್ಪರ್‌ನ ಹೂಗಳು ನೆಲದ ಮೇಲೆ ಉದುರಿ ಬಿದ್ದಿರುತ್ತವೆ.

ಆದ್ದರಿಂದ ಹೊಸ ಜಾತಿಯೊಂದನ್ನು ಬೆಳೆಯಲು ಹೊರಟಾಗ ಮೊದಲು ಕೇಳಬೇಕಾದದ್ದು ಒಂದೇ: ಕೊಯ್ದ ಮೇಲೆ ಈ ಹೂವು ಯಾವುದರಿಂದ ಸಾಯುತ್ತದೆ? ಕಾರಣಗಳು ಐದಾರಕ್ಕಿಂತ ಹೆಚ್ಚಿಲ್ಲ. ದಂಟಿನ ನೀರಿನ ನಾಳ ಕಟ್ಟಿಕೊಳ್ಳುವುದು, ಸಕ್ಕರೆ ಮುಗಿದು ಹಸಿಯುವುದು, ಹಣ್ಣಾಗುವ ಕಾಯಿಗಳು ಬಿಡುವ ಎಥಿಲೀನ್ ಅನಿಲಕ್ಕೆ ಸಿಕ್ಕಿ ಉದುರುವುದು, ಬೂಷ್ಟು ಹಿಡಿಯುವುದು, ಅತಿ ತಂಪಿಗೆ ಸುಡುವುದು, ಒಣಗಾಳಿಗೆ ಬಾಡುವುದು. ಕೊಯ್ಲಿನ ನಂತರ ಮಾಡುವ ಯಾವ ಉಪಚಾರವೂ ಕಳಪೆ ಹೂವನ್ನು ಒಳ್ಳೆಯದು ಮಾಡುವುದಿಲ್ಲ. ಇರುವ ಬಾಳಿಕೆ ಸೋರಿಹೋಗದಂತೆ ತಡೆಯುತ್ತದೆ, ಅಷ್ಟೇ. ಆ ಬಾಳಿಕೆ ತುಂಬುವುದು ಹೊಲದಲ್ಲಿ.

1. ಹೊಲದಲ್ಲಿ: ಉದ್ದನೆಯ, ಗಟ್ಟಿ ದಂಟು

ಅಂತರ ನಿರ್ಧರಿಸುವಾಗ ಗಿಡ ಎಷ್ಟು ಅಗಲ ಬೆಳೆಯುತ್ತದೆ ಎಂಬುದಕ್ಕಿಂತ ನಿಮಗೆ ಎಂಥ ದಂಟು ಬೇಕು ಎಂಬುದು ಮುಖ್ಯ. ಒಂಟಿದಂಟಿನ ಸೂರ್ಯಕಾಂತಿಯನ್ನು 15×15 ಸೆಂ.ಮೀ.ಗೆ ನೆಟ್ಟರೆ ಹೂಗುಚ್ಛಕ್ಕೆ ಒಪ್ಪುವ ಸಣ್ಣ ತಲೆ ಸಿಗುತ್ತದೆ. ಅದೇ ತಳಿಯನ್ನು 30 ಸೆಂ.ಮೀ.ಗೆ ಹಾಕಿದರೆ ತಲೆ ತಟ್ಟೆಯಗಲವಾಗಿ, ದಂಟು ಕೋಲಿನಂತಾಗುತ್ತದೆ. ಸ್ನಾಪ್‌ಡ್ರಾಗನ್, ಲಿಸಿಯಾಂಥಸ್‌ಗಳಿಗೆ 10ರಿಂದ 15 ಸೆಂ.ಮೀ., ಝಿನಿಯಾಕ್ಕೆ 20ರಿಂದ 30, ಡೇಲಿಯಾಕ್ಕೆ 45 ಸೆಂ.ಮೀ. ಸಾಕು. ಝಿನಿಯಾವನ್ನು ಇನ್ನೂ ಒತ್ತಾಗಿ ನೆಟ್ಟರೆ ಗಾಳಿಯಾಡದೆ ಎಲೆಗೆ ಬೂದಿರೋಗ ಹತ್ತುತ್ತದೆ.

ಝಿನಿಯಾ ಗಿಡ 20ರಿಂದ 30 ಸೆಂ.ಮೀ. ಎತ್ತರ ಬಂದಾಗ, ಡೇಲಿಯಾ 30ರಿಂದ 40 ಸೆಂ.ಮೀ. ಬಂದಾಗ, ಮೂರ್ನಾಲ್ಕು ಜೊತೆ ಎಲೆ ಉಳಿಸಿ ಕುಡಿ ಚಿವುಟಿ. ಮೊದಲ ಹೂ ಒಂದೆರಡು ವಾರ ತಡವಾಗುತ್ತದೆ, ಆದರೆ ಬುಡದಿಂದ ಏಳುವ ಕವಲುಗಳೇ ನಿಮ್ಮ ಮಾರಾಟದ ದಂಟುಗಳು. ಒಂಟಿದಂಟಿನ ಸೂರ್ಯಕಾಂತಿ ಮತ್ತು ಸ್ಟಾಕ್ ಹೂವಿನ ಕುಡಿ ಚಿವುಟಬಾರದು, ಅವುಗಳಿಗೆ ಇರುವುದೇ ಒಂದು ದಂಟು.

ಗಿಡ ಮೊಣಕಾಲೆತ್ತರ ಆಗುವ ಮೊದಲೇ 15 ಸೆಂ.ಮೀ. ಕಣ್ಣಿನ ಬಲೆಯನ್ನು ಮಡಿಯ ಮೇಲೆ ಅಡ್ಡಡ್ಡವಾಗಿ ಬಿಗಿದು, ಗಿಡ ಅದರೊಳಗಿಂದ ಮೇಲೇಳಲು ಬಿಡಿ. ಗಾಳಿಮಳೆಗೆ ಒರಗಿದ ಸ್ನಾಪ್‌ಡ್ರಾಗನ್ ಮತ್ತೆ ಮೇಲ್ಮುಖವಾಗಿ ಬಾಗುತ್ತದೆ. ಆಮೇಲೆ ಎತ್ತಿ ಕಟ್ಟಿದರೂ ಆ ಕೊಕ್ಕೆ ನೇರವಾಗುವುದಿಲ್ಲ.

ಸಾರಜನಕ ಹೆಚ್ಚಾದರೆ ಗಿಡ ಹಸಿರಾಗಿ ಸೊಕ್ಕುತ್ತದೆ, ದಂಟು ಮೆತ್ತಗಾಗುತ್ತದೆ. ಇಂಥ ದಂಟು ಹೂದಾನಿಯಲ್ಲಿ ಬೇಗ ಬಾಗುತ್ತದೆ, ಬೂಷ್ಟೂ ಇದನ್ನೇ ಮೊದಲು ಹಿಡಿಯುತ್ತದೆ. ಮೊಗ್ಗು ಕಾಣತೊಡಗಿದ ಮೇಲೆ ಸಾರಜನಕ ತಗ್ಗಿಸಿ. ನೀರು ಬುಡಕ್ಕೆ ಹನಿಯಲಿ, ಹೂವಿನ ಮೇಲೆ ಬೀಳದಿರಲಿ. ಕೊಯ್ಲಿನ ಹಿಂದಿನ ದಿನ ಮಣ್ಣು ಒಣಗಿರದಂತೆ ನೋಡಿಕೊಳ್ಳಿ.

ಎರಡು ಜಾತಿಗಳು ಹೊಸಬರನ್ನು ತುಂಬ ಕಾಡುತ್ತವೆ. ಲಿಸಿಯಾಂಥಸ್ ಬೀಜ ಧೂಳಿನಷ್ಟು ಸಣ್ಣದು. ಮಣ್ಣು ಮುಚ್ಚದೆ ಬೆಳಕಿನಲ್ಲಿ ಮೊಳೆಸಬೇಕು, ನಾಟಿಗೆ ಬರಲು ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ. ಆ ಅವಧಿಯಲ್ಲಿ ಉಷ್ಣತೆ 28 °ಸೆ. ದಾಟುತ್ತಾ ಹೋದರೆ ಸಸಿ ದಂಟು ಬಿಡದೆ ನೆಲಕ್ಕಂಟಿದ ಎಲೆಗೊಂಚಲಾಗಿ ಕುಳಿತುಬಿಡುತ್ತದೆ. ನಾಟಿಯಾದ ಮೇಲೆ ಅದನ್ನು ಎಬ್ಬಿಸುವುದು ಬಹಳ ಕಷ್ಟ. ಇನ್ನೊಂದು ಕಾಸ್ಮಾಸ್ ಮತ್ತು ಕೋಳಿಜುಟ್ಟು ಹೂವಿನ ಗುಂಪು. ಹಗಲು ಚಿಕ್ಕದಿರುವಾಗ ಬಿತ್ತಿದರೆ ಇವು ಗೇಣುದ್ದಕ್ಕೇ ಹೂ ಬಿಟ್ಟು ಮುಗಿಸುತ್ತವೆ. ದಂಟು ಬೇಕಾದರೆ ಹಗಲು ಬೆಳೆಯುವ ದಿನಗಳಲ್ಲಿ ಬಿತ್ತಿ. ಸೂರ್ಯಕಾಂತಿಯ ಹಲವು ತಳಿಗಳೂ ಹೀಗೆಯೇ, ಬೀಜ ಕೊಳ್ಳುವಾಗ ಹಗಲಿನ ಉದ್ದಕ್ಕೆ ಸ್ಪಂದಿಸದ ತಳಿಯೇ ಎಂದು ವಿಚಾರಿಸಿ.

2. ಕೊಯ್ಲಿನ ಹಂತ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೂವು ಹಾಳಾಗುವುದು ಇಲ್ಲಿ. ಮೊಗ್ಗಿನಲ್ಲೇ ಕೊಯ್ದರೆ ಹೆಚ್ಚು ದಿನ ಬಾಳುತ್ತದೆ ಎಂಬ ಮಾತು ಅರ್ಧ ಸತ್ಯ. ಕೆಲವು ಹೂಗಳಲ್ಲಿ ಮೊಗ್ಗು ಹೂದಾನಿಯಲ್ಲೇ ಅರಳುತ್ತದೆ, ಕೆಲವು ಕೊಯ್ದ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ಉಳಿಯುತ್ತವೆ.

ಅರಳಿದ ಮೇಲೆಯೇ ಕೊಯ್ಯಬೇಕಾದವು: ಝಿನಿಯಾ, ಡೇಲಿಯಾ, ಗೊಂಫ್ರಿನಾ, ಕೋಳಿಜುಟ್ಟು ಮತ್ತು ‘ಯಾರೋ’ (yarrow) ಎಂಬ ಹೂವು. ಝಿನಿಯಾಕ್ಕೆ ಕಣ್ಣಿನ ಪರೀಕ್ಷೆ ಸಾಲದು, ಕೈ ಪರೀಕ್ಷೆ ಬೇಕು. ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಮೆಲ್ಲಗೆ ಅಲುಗಾಡಿಸಿ. ಕುತ್ತಿಗೆ ಲೊಳಲೊಳ ಆಡಿದರೆ ಇನ್ನೂ ಎರಡು ಮೂರು ದಿನ ಬಿಡಿ, ಕಡ್ಡಿಯಂತೆ ಸೆಟೆದು ನಿಂತರೆ ಕೊಯ್ಯಿರಿ. ಹೂ ಎಷ್ಟೇ ಚೆನ್ನಾಗಿ ಕಂಡರೂ ಮೆತ್ತನೆಯ ಕುತ್ತಿಗೆ ನೀರಿನಲ್ಲಿಟ್ಟ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಡೇಲಿಯಾ ಮುಕ್ಕಾಲು ಭಾಗವಾದರೂ ಅರಳಿರಬೇಕು ಮತ್ತು ಹಿಂಬದಿಯ ಎಸಳು ಗಟ್ಟಿಯಾಗಿರಬೇಕು. ಹೂವನ್ನು ತಿರುಗಿಸಿ ಬೆನ್ನು ನೋಡಿ: ಅಲ್ಲಿನ ಎಸಳು ಕಾಗದದಂತೆ ತೆಳುವಾಗಿ ಸುಕ್ಕಾಗಿದ್ದರೆ ಆ ಹೂವಿನ ಕಾಲ ಮುಗಿದಿದೆ. ಯಾರೋ ಹೂವಿನಲ್ಲಿ ಪರಾಗ ಕಾಣುವ ಮುನ್ನ ಕೊಯ್ದರೆ ಮರುದಿನವೇ ಜೋತುಬೀಳುತ್ತದೆ.

ಮೊಗ್ಗಿನಲ್ಲಿ ಅಥವಾ ಬಿರಿಯುವಾಗ ಕೊಯ್ಯಬೇಕಾದವು: ಪಿಯೋನಿ, ಟ್ಯುಲಿಪ್, ಸೂರ್ಯಕಾಂತಿ, ರನಂಕ್ಯುಲಸ್. ಪಿಯೋನಿಯ ಮೊಗ್ಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸ್ಪಂಜಿನಂತೆ ತಗ್ಗಬೇಕು. ಗೋಲಿಯಂತೆ ಗಟ್ಟಿಯಿದ್ದರೆ ಅರಳುವುದೇ ಇಲ್ಲ. ಟ್ಯುಲಿಪ್ ಮೊಗ್ಗಿಗೆ ಬಣ್ಣ ಬಂದಿರಬೇಕು, ಬಾಯಿ ಬಿಟ್ಟಿರಬಾರದು. ಸೂರ್ಯಕಾಂತಿಯ ಮೊದಲ ಎಸಳು ನಡುವಿನಿಂದ ಮೇಲೆದ್ದಾಗಲೇ ಕೊಯ್ಯಿರಿ. ಪೂರ್ತಿ ಅರಳುವವರೆಗೆ ಕಾದರೆ ಜೇನು ಬಂದು ಪರಾಗಸ್ಪರ್ಶವಾಗಿ ಎಸಳು ಬೇಗ ಬಾಡುತ್ತದೆ. ಪರಾಗವಿಲ್ಲದ ತಳಿಗಳನ್ನು ಹೂದಾನಿಗೆಂದೇ ಬೆಳೆಯುವುದಕ್ಕೆ ಒಂದು ಕಾರಣ ಬಟ್ಟೆಗೆ ಪರಾಗ ಅಂಟದಿರುವುದು.

ತೆನೆಯಂತೆ ಕೆಳಗಿನಿಂದ ಮೇಲಕ್ಕೆ ಅರಳುವವು ಇವೆರಡರ ನಡುವೆ ಬರುತ್ತವೆ. ಗ್ಲಾಡಿಯೋಲಸ್‌ನಲ್ಲಿ ಕೆಳಗಿನ ಒಂದರಿಂದ ಐದು ಮೊಗ್ಗುಗಳಿಗೆ ಬಣ್ಣ ಬಂದಿದ್ದರೆ ಸಾಕು. ಸುಗಂಧರಾಜದಲ್ಲಿ ಕೆಳಗಿನ ಎರಡು ಮೂರು ಹೂ ಅರಳಿರಲಿ, ಅದಕ್ಕೂ ಮೊದಲು ಕೊಯ್ದರೆ ತುದಿಯ ಮೊಗ್ಗುಗಳು ಅರಳದೆ ಹಳದಿಯಾಗುತ್ತವೆ. ಸ್ನಾಪ್‌ಡ್ರಾಗನ್, ಲಾರ್ಕ್‌ಸ್ಪರ್‌ಗಳಲ್ಲಿ ತೆನೆಯ ಕಾಲುಭಾಗದಿಂದ ಮೂರನೇ ಒಂದು ಭಾಗ, ಸ್ಟಾಕ್‌ನಲ್ಲಿ ಅರ್ಧ ಅರಳಿರಬೇಕು. ಸ್ವೀಟ್ ಪೀ ತುದಿಯಲ್ಲಿ ಒಂದೆರಡು ಮೊಗ್ಗು ಇನ್ನೂ ಮುಚ್ಚಿರುವಾಗ ಕತ್ತರಿಸಿ.

3. ಕೊಯ್ಯುವ ಹೊತ್ತು ಮತ್ತು ವಿಧಾನ

ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಕೂಡಲೇ ಕೊಯ್ಯಿರಿ. ಆಗ ದಂಟಿನ ತುಂಬ ನೀರಿರುತ್ತದೆ, ಹೂವಿಗೆ ಬಿಸಿಲಿನ ಕಾವು ಹತ್ತಿರುವುದಿಲ್ಲ. ಸಂಜೆ ಎರಡನೆಯ ಆಯ್ಕೆ. ದಿನವಿಡೀ ಎಲೆ ತಯಾರಿಸಿದ ಸಕ್ಕರೆ ದಂಟಿನಲ್ಲಿರುತ್ತದೆ, ಆದರೆ ಹೂವಿನ ಕಾವನ್ನು ಬೇಗ ಇಳಿಸುವ ವ್ಯವಸ್ಥೆ ಇದ್ದರೆ ಮಾತ್ರ ಅದು ಲಾಭ. ನಡುಹಗಲು ಬೇಡವೇ ಬೇಡ. ಒದ್ದೆ ಹೂವನ್ನು ಕೊಯ್ದು ಒತ್ತಾಗಿ ಕಟ್ಟುವುದೆಂದರೆ ಬೋಟ್ರೈಟಿಸ್ ಎಂಬ ಬೂದು ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ.

ಕತ್ತರಿ ಹರಿತವಾಗಿರಲಿ, ದಂಟು ಜಜ್ಜಿದರೆ ನಾಳಗಳು ಅಲ್ಲೇ ಮುಚ್ಚುತ್ತವೆ. ಡೇಲಿಯಾದಲ್ಲಿ ರಸದ ಮೂಲಕ ವೈರಸ್ ಗಿಡದಿಂದ ಗಿಡಕ್ಕೆ ದಾಟುವುದರಿಂದ ಸಾಲು ಬದಲಿಸುವಾಗಲೆಲ್ಲ ಕತ್ತರಿಯ ಅಲಗನ್ನು ಸೋಂಕುನಾಶಕದಿಂದ ಒರೆಸಿ. ಝಿನಿಯಾ, ಡೇಲಿಯಾಗಳನ್ನು ಎದೆಗುಂದದೆ ಆಳಕ್ಕೆ ಕೊಯ್ಯಿರಿ, ಪಕ್ಕದ ಒಂದೆರಡು ಮೊಗ್ಗು ಹೋದರೂ ಚಿಂತೆಯಿಲ್ಲ. ಬುಡದಲ್ಲಿ ಒಂದೆರಡು ಜೊತೆ ಎಲೆ ಉಳಿಸಿದರೆ ಮುಂದಿನ ದಂಟು ಉದ್ದವಾಗಿ ಬರುತ್ತದೆ. ಮೇಲೆಮೇಲೆ ಕೊಯ್ಯುತ್ತಾ ಹೋದರೆ ಪ್ರತಿ ಸಲವೂ ಗಿಡ್ಡ ದಂಟೇ ಸಿಗುತ್ತದೆ.

ದಂಟಿನ ಕೆಳಗಿನ ಮೂರನೇ ಒಂದು ಭಾಗದ ಎಲೆಯನ್ನು ಹೊಲದಲ್ಲೇ ಸವರಿ ತೆಗೆದು, ತಕ್ಷಣ ನೀರಿನಲ್ಲಿ ನಿಲ್ಲಿಸಿ. ಬಕೆಟ್ಟು ನೆರಳಿನಲ್ಲಿರಲಿ, ಅರ್ಧ ಗಂಟೆಗೊಮ್ಮೆ ಒಳಗೆ ಸಾಗಿಸಿ. ಓರೆಯಾಗಿ ಕತ್ತರಿಸಿದರೆ ಹೆಚ್ಚು ನೀರು ಹೀರುತ್ತದೆ ಎಂಬ ನಂಬಿಕೆಗೆ ಅಷ್ಟು ಬಲವಿಲ್ಲ. ಕಡ್ಡಿ ಬಕೆಟ್ಟಿನ ತಳಕ್ಕೆ ಅಂಟಿ ಮುಚ್ಚಿಕೊಳ್ಳುವುದಿಲ್ಲ ಎಂಬಷ್ಟೇ ಅದರ ಉಪಯೋಗ. ಗಟ್ಟಿ ಕಡ್ಡಿಯ ಬುಡವನ್ನು ಸುತ್ತಿಗೆಯಿಂದ ಜಜ್ಜುವ ಪದ್ಧತಿಯನ್ನಂತೂ ಬಿಟ್ಟುಬಿಡಿ, ಜಜ್ಜಿದ ನಾರು ಬ್ಯಾಕ್ಟೀರಿಯಾಕ್ಕೆ ಆಹಾರ.

ಹಾಲು ಒಸರುವ ಪಾಪಿ ಮತ್ತು ಯೂಫೋರ್ಬಿಯಾ ದಂಟಿನ ತುದಿಯನ್ನು ಕುದಿಯುವ ನೀರಿನಲ್ಲಿ 7ರಿಂದ 10 ಸೆಕೆಂಡು ಅದ್ದಿ, ಅಥವಾ ಬೆಂಕಿಗೆ ಹಿಡಿದು ಸುಡಿ. ಯೂಫೋರ್ಬಿಯಾ ಹಾಲು ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಕೈಗವಸು ಹಾಕಿಕೊಳ್ಳಲೇಬೇಕು. ಡ್ಯಾಫೋಡಿಲ್ ಲೋಳೆ ಬಿಡುತ್ತದೆ, ಆ ಲೋಳೆ ಟ್ಯುಲಿಪ್ ಮುಂತಾದವುಗಳ ಬಾಳಿಕೆ ಕಡಿಮೆ ಮಾಡುತ್ತದೆ. ಅದನ್ನು ಒಂದು ರಾತ್ರಿ ಪ್ರತ್ಯೇಕ ನೀರಿನಲ್ಲಿಟ್ಟು, ಮತ್ತೆ ಬುಡ ಕತ್ತರಿಸದೆ ಗುಚ್ಛಕ್ಕೆ ಸೇರಿಸಿ.

4. ಬಕೆಟ್ಟು ಮತ್ತು ನೀರು

ಆ ಬಕೆಟ್ಟಿನಿಂದ ನೀವೇ ನೀರು ಕುಡಿಯಲು ಹಿಂಜರಿಯುವಂತಿದ್ದರೆ ಅದು ಹೂವಿಗೂ ಯೋಗ್ಯವಲ್ಲ. ಕೊಳೆ ಕಣ್ಣಿಗೆ ಬೀಳುವಂತೆ ಬಿಳಿ ಪ್ಲಾಸ್ಟಿಕ್ ಬಕೆಟ್ಟು ಇಟ್ಟುಕೊಳ್ಳಿ. ಲೋಹದ ಬಕೆಟ್ಟು ಬೇಡ, ಹೂವಿನ ದ್ರಾವಣದ ಆಮ್ಲ ಲೋಹದ ಜೊತೆ ವರ್ತಿಸಿ ಕೆಡುತ್ತದೆ. ಪ್ರತಿ ಬಳಕೆಯ ನಂತರ ಸೋಪು ಹಾಕಿ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಲೀಟರಿಗೆ 10 ಮಿ.ಲೀ. ಲೆಕ್ಕದಲ್ಲಿ 5 ಶೇಕಡಾ ಬ್ಲೀಚ್ ಬೆರೆಸಿದ ನೀರನ್ನು 10 ನಿಮಿಷ ನಿಲ್ಲಿಸಿ, ತೊಳೆದು, ಬೋರಲು ಹಾಕಿ ಒಣಗಿಸಿ. ಉಜ್ಜದೆ ಬರೀ ಬ್ಲೀಚ್ ಸುರಿದರೆ ಗೋಡೆಗಂಟಿದ ಲೋಳೆಪದರದ ಒಳಗಿನ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ.

ನೀರಿನ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಹುಳಿ) 3.5ರಿಂದ 5ರ ನಡುವೆ ಇದ್ದರೆ ದಂಟು ಚೆನ್ನಾಗಿ ಹೀರುತ್ತದೆ, ಬ್ಯಾಕ್ಟೀರಿಯಾ ನಿಧಾನವಾಗುತ್ತದೆ. ಆದರೆ ಪಿಎಚ್‌ಗಿಂತ ಕ್ಷಾರೀಯತೆ ಮುಖ್ಯ. ಬೈಕಾರ್ಬೊನೇಟ್ ಹೆಚ್ಚಿರುವ ಕೊಳವೆಬಾವಿ ನೀರು ಹಾಕಿದ ಆಮ್ಲವನ್ನೆಲ್ಲ ನುಂಗಿ ಮತ್ತೆ 7ಕ್ಕೇ ನಿಲ್ಲುತ್ತದೆ. ಅಂಥ ಕಡೆ ಮಳೆನೀರು ಅಥವಾ ಆರ್‌ಒ ನೀರು ಬಳಸಿ. ಗಡಸು ನೀರನ್ನು ಉಪ್ಪಿನಿಂದ ಮೆದುಗೊಳಿಸುವ ಯಂತ್ರದ ನೀರು ಬೇಡ, ಅದರ ಸೋಡಿಯಂ ಹೂವಿಗೆ ಒಳ್ಳೆಯದಲ್ಲ. ನೀರಿನಲ್ಲಿ ಫ್ಲೋರೈಡ್ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಇದ್ದರೂ ಗ್ಲಾಡಿಯೋಲಸ್, ಜರ್ಬೆರಾ, ಫ್ರೀಸಿಯಾಗಳ ಅಂಚು ಸುಡುತ್ತದೆ.

5. ಯಾವ ಹೂವಿಗೆ ಯಾವ ದ್ರಾವಣ

ಹೊಲದ ಬಕೆಟ್ಟಿನಲ್ಲಿ ಸಕ್ಕರೆ ಇರಬಾರದು. ಮೊದಲ ಕೆಲವು ಗಂಟೆ ದಂಟಿಗೆ ಬೇಕಾದದ್ದು ನೀರು, ಊಟವಲ್ಲ.

ಝಿನಿಯಾ, ಸೂರ್ಯಕಾಂತಿ, ಜರ್ಬೆರಾ, ಸ್ಟಾಕ್, ಯಾರೋ, ರಡ್ಬೆಕಿಯಾ ನೀರನ್ನು ಬೇಗ ಕೊಳಕು ಮಾಡುವ ಗುಂಪು. ಇವುಗಳ ರೋಮ, ಮಣ್ಣು, ಕೊಳೆವ ಎಲೆಯಿಂದ ನೀರು ಒಂದೇ ದಿನದಲ್ಲಿ ಮಬ್ಬಾಗುತ್ತದೆ. ಇವಕ್ಕೆ ಕ್ಲೋರಿನ್ ನೀರು ಸರಿ: ಲೀಟರಿಗೆ 1 ಮಿ.ಲೀ. 5 ಶೇಕಡಾ ಬ್ಲೀಚ್, ಅಂದರೆ ಸುಮಾರು 50 ಪಿಪಿಎಂ. ಎರಡು ಮೂರು ದಿನಕ್ಕೆ ಅದರ ಶಕ್ತಿ ಮುಗಿಯುವುದರಿಂದ ಹೊಸ ನೀರು ಹಾಕಿ. ಪ್ರಮಾಣ ಏರಿಸಿದರೆ ದಂಟಿನ ಬುಡ ಬೆಳ್ಳಗಾಗಿ ಮೆತ್ತಗಾಗುತ್ತದೆ. ನಿಧಾನವಾಗಿ ಕರಗುವ ಕ್ಲೋರಿನ್ ಮಾತ್ರೆ ಇದ್ದರೆ ಇನ್ನೂ ಅನುಕೂಲ.

ಮೊಗ್ಗುಗಳು ಮುಂದೆ ಅರಳಬೇಕಾದ ಲಿಸಿಯಾಂಥಸ್, ಸ್ನಾಪ್‌ಡ್ರಾಗನ್, ಸ್ವೀಟ್ ಪೀ, ಡೆಲ್ಫಿನಿಯಂ ಹಾಗೂ ಸಕ್ಕರೆ ಸಂಗ್ರಹ ಕಡಿಮೆಯಿರುವ ಡೇಲಿಯಾ ಹಸಿವಿನಿಂದ ಸಾಯುವ ಗುಂಪು. ಇವಕ್ಕೆ ಸಿದ್ಧ ಹೂಪುಡಿ (ಸಕ್ಕರೆ ಮತ್ತು ಬ್ಯಾಕ್ಟೀರಿಯಾನಾಶಕ ಸೇರಿಸಿ ಮಾರುವ ಪುಡಿ) ಸಿಗದಿದ್ದರೆ ಒಂದು ಲೀಟರ್ ಮೆದು ನೀರಿಗೆ 20 ಗ್ರಾಂ ಸಕ್ಕರೆ, 0.3 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಕೊನೆಗೆ 1 ಮಿ.ಲೀ. ಬ್ಲೀಚ್ ಸೇರಿಸಿ. ಬ್ಲೀಚನ್ನೂ ಆಮ್ಲವನ್ನೂ ನೀರಿಲ್ಲದೆ ನೇರವಾಗಿ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಸಿದ್ಧ ಪುಡಿಯನ್ನು ಅಂದಾಜಿನಲ್ಲಿ ಹಾಕುವುದು ದೊಡ್ಡ ತಪ್ಪು. ಅರ್ಧ ಪ್ರಮಾಣ ಹಾಕಿದರೆ ಅದರಲ್ಲಿರುವ ಸಕ್ಕರೆ ಬ್ಯಾಕ್ಟೀರಿಯಾವನ್ನು ಸಾಕಲು ಸಾಕು, ಔಷಧ ಅದನ್ನು ಕೊಲ್ಲಲು ಸಾಲದು. ಬರೀ ನೀರೇ ಅದಕ್ಕಿಂತ ವಾಸಿ.

ಗ್ಲಾಡಿಯೋಲಸ್ ಮತ್ತು ಸುಗಂಧರಾಜ ಸಕ್ಕರೆಯನ್ನು ಧಾರಾಳವಾಗಿ ಸಹಿಸುತ್ತವೆ. ಸಾಗಿಸುವ ಮುನ್ನ ಒಂದು ರಾತ್ರಿ, ಲೀಟರಿಗೆ 200 ಗ್ರಾಂ ಸಕ್ಕರೆ ಮತ್ತು ಬ್ಯಾಕ್ಟೀರಿಯಾನಾಶಕ ಬೆರೆಸಿದ ದ್ರಾವಣ ಕುಡಿಸಿದರೆ ತುದಿಯ ಮೊಗ್ಗುಗಳೂ ಅರಳುತ್ತವೆ. ಈ ಪ್ರಮಾಣವನ್ನು ಬೇರೆ ಹೂಗಳ ಮೇಲೆ ಪ್ರಯೋಗಿಸಬೇಡಿ, ಎಲೆಯಂಚು ಸುಟ್ಟುಹೋಗುತ್ತದೆ.

ಎಥಿಲೀನ್ ವಿಷಯಕ್ಕೆ ಬಂದರೆ ಲಾರ್ಕ್‌ಸ್ಪರ್, ಡೆಲ್ಫಿನಿಯಂ, ಸ್ವೀಟ್ ಪೀ, ಸ್ನಾಪ್‌ಡ್ರಾಗನ್, ಸ್ಟಾಕ್, ಆಲ್‌ಸ್ಟ್ರೋಮೇರಿಯಾ, ಜಿಪ್ಸೋಫಿಲಾ ತುಂಬ ಸೂಕ್ಷ್ಮ. ಝಿನಿಯಾ, ಸೂರ್ಯಕಾಂತಿಗಳಿಗೆ ಅದರ ಪರಿವೆಯೇ ಇಲ್ಲ. ಹಣ್ಣಾಗುವ ಬಾಳೆ, ಸೇಬು, ಟೊಮೇಟೊ, ವಾಹನದ ಹೊಗೆ, ಕೊಳೆಯುವ ಎಲೆಕಸ, ಬೂಷ್ಟು ಹಿಡಿದ ಹೂ ಇವೆಲ್ಲ ಈ ಅನಿಲವನ್ನು ಬಿಡುತ್ತವೆ. ಗಾಳಿಯಲ್ಲಿ 0.1 ಪಿಪಿಎಂ ಇದ್ದರೂ ಸೂಕ್ಷ್ಮ ಹೂಗಳಿಗೆ ಪೆಟ್ಟು. ತಡೆಗೆ ಎರಡು ದಾರಿ. ಸಿಲ್ವರ್ ಥಯೋಸಲ್ಫೇಟ್ ದ್ರಾವಣವನ್ನು ದಂಟಿಗೆ ಕುಡಿಸುವುದು ಒಂದು. ಇದು ಬಲವಾದ ರಕ್ಷಣೆ, ಆದರೆ ಬೆಳ್ಳಿ ಜಲಚರಗಳಿಗೆ ವಿಷವಾದ್ದರಿಂದ ಉಳಿದದ್ದನ್ನು ಚರಂಡಿಗೆ ಚೆಲ್ಲುವಂತಿಲ್ಲ, ಪ್ರಮಾಣ ಮೀರಿದರೆ ದಂಟು ಕಪ್ಪಾಗುತ್ತದೆ. ಎಥಿಲೀನ್ ಹೂವಿಗೆ ತಾಗದಂತೆ ತಡೆಯುವ 1-ಎಂಸಿಪಿ ಅನಿಲ ಇನ್ನೊಂದು. ಗಾಳಿ ಸೋರದ ಕೋಣೆಯಲ್ಲಿ ಕನಿಷ್ಠ 4 ಗಂಟೆ ಹಾಯಿಸಬೇಕು. ಹೂವಿನಲ್ಲಿ ಎಥಿಲೀನನ್ನು ಗುರುತಿಸುವ ಹೊಸ ಗ್ರಾಹಕಗಳು (ರಿಸೆಪ್ಟರ್‌ಗಳು) ಹುಟ್ಟಿದಂತೆ ಇದರ ಕಾವಲು ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ. ಸಣ್ಣ ಬೆಳೆಗಾರರಿಗೆ ಇವೆರಡಕ್ಕಿಂತ ಮೊದಲಿನ ಮದ್ದು ತಂಪು. ಉಷ್ಣತೆ ಇಳಿದಷ್ಟೂ ಹೂವು ಎಥಿಲೀನ್‌ಗೆ ಸ್ಪಂದಿಸುವುದು ಕಡಿಮೆ.

6. ಕಾವು ಇಳಿಸುವುದು, ತಂಪಿನಲ್ಲಿಡುವುದು

ಕೊಯ್ದ ಹೂವು ಉಸಿರಾಡುತ್ತಲೇ ಇರುತ್ತದೆ. ಉಷ್ಣತೆ 10 °ಸೆ. ಏರಿದರೆ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ, ಕೂಡಿಟ್ಟ ಸಕ್ಕರೆ ಅಷ್ಟೇ ವೇಗದಲ್ಲಿ ಕರಗುತ್ತದೆ. 30 °ಸೆ. ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಕಳೆದುಕೊಂಡದ್ದನ್ನು ಆಮೇಲೆ ಯಾವ ಪುಡಿಯೂ ಮರಳಿ ಕೊಡುವುದಿಲ್ಲ.

ಬಹುತೇಕ ಹೂಗಳಿಗೆ 0ರಿಂದ 2 °ಸೆ., ಗಾಳಿಯ ತೇವ 90ರಿಂದ 95 ಶೇಕಡಾ ಒಳ್ಳೆಯದು. ಡೇಲಿಯಾಕ್ಕೆ 3ರಿಂದ 4, ಝಿನಿಯಾಕ್ಕೆ 5 °ಸೆ.ಗಿಂತ ಕೆಳಗೆ ಬೇಡ. ಆಂಥೂರಿಯಂ, ಹೆಲಿಕೋನಿಯಾ, ಅನೇಕ ಆರ್ಕಿಡ್‌ಗಳಂಥ ಉಷ್ಣವಲಯದ ಹೂಗಳಿಗೆ 12.5 °ಸೆ.ಗಿಂತ ಕಡಿಮೆಯಾದರೆ ಕಪ್ಪು ಕಲೆ ಬೀಳುತ್ತದೆ. ಒಂದೇ ಕೋಣೆ ಇರುವವರು ಅದನ್ನು 3 °ಸೆ.ಗೆ ಇಟ್ಟು, ಝಿನಿಯಾವನ್ನು ಕೋಣೆಗೇ ಸೇರಿಸದೆ ನೆರಳಿನ ತಂಪು ಜಾಗದಲ್ಲಿಟ್ಟು ಅದೇ ದಿನ ಕಳಿಸುವುದು ಲೇಸು.

ಹೂವನ್ನು ಪೆಟ್ಟಿಗೆಯಲ್ಲಿ ತುಂಬಿ ತಣ್ಣನೆ ಕೋಣೆಯಲ್ಲಿಟ್ಟ ಮಾತ್ರಕ್ಕೆ ಒಳಗಿನ ಹೂವು ತಣ್ಣಗಾಗುವುದಿಲ್ಲ. ನಡುವಿನ ಕಟ್ಟು ತನ್ನ ಉಸಿರಿನ ಕಾವಿನಲ್ಲೇ ಗಂಟೆಗಟ್ಟಲೆ ಬೇಯುತ್ತಿರುತ್ತದೆ. ಪೆಟ್ಟಿಗೆಯ ಎರಡೂ ತುದಿಗೆ ತೂತು ಮಾಡಿ, ಒಂದು ಬದಿಗೆ ಫ್ಯಾನ್ ಇಟ್ಟು ತಂಪುಗಾಳಿ ಹೂವಿನ ನಡುವೆ ಹಾಯುವಂತೆ ಎಳೆಸಿ. ಹೂವಿನ ನಡುವೆ ಥರ್ಮಾಮೀಟರ್ ಕಡ್ಡಿ ತೂರಿಸಿ ಅಳೆಯಿರಿ, ಕೋಣೆಯ ಗೋಡೆಯ ಮೇಲಿನ ಅಂಕಿ ನಂಬಬೇಡಿ. ಕಾವಿರುವ ಹೂವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂಪಿಗಿಟ್ಟರೆ ಒಳಗೆ ಹನಿಗಟ್ಟಿ ಎರಡೇ ದಿನಕ್ಕೆ ಬೂಷ್ಟು ಕಾಣುತ್ತದೆ. ಮೊದಲು ತಣಿಸಿ, ಆಮೇಲೆ ಸುತ್ತಿ.

ಸ್ನಾಪ್‌ಡ್ರಾಗನ್, ಗ್ಲಾಡಿಯೋಲಸ್, ಸ್ಟಾಕ್‌ಗಳನ್ನು ಮಲಗಿಸಿ ಸಾಗಿಸಿದರೆ ತುದಿ ಮೇಲಕ್ಕೆ ಬಾಗುತ್ತದೆ, ಸದಾ ನಿಲ್ಲಿಸಿಯೇ ಇಡಿ. ಪಿಯೋನಿಯದು ಬೇರೆಯೇ ಲೆಕ್ಕ. ಮೊಗ್ಗಿನ ಹಂತದಲ್ಲಿ ನೀರಿಲ್ಲದೆ ಕಾಗದದಲ್ಲಿ ಸುತ್ತಿ 0ರಿಂದ 1 °ಸೆ.ನಲ್ಲಿಟ್ಟರೆ ಮೂರ್ನಾಲ್ಕು ವಾರ ತಡೆಯುತ್ತದೆ. ಹೊರತೆಗೆದಾಗ ಬಾಡಿದಂತೆ ಕಂಡರೆ ಗಾಬರಿಯಾಗಬೇಡಿ, ಬುಡ ಕತ್ತರಿಸಿ ನೀರಿನಲ್ಲಿ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತದೆ. ಡೇಲಿಯಾವನ್ನು ಹೀಗೆ ಕೂಡಿಡುವ ಆಸೆ ಬೇಡ, ಅದರ ಹೂದಾನಿ ಬಾಳಿಕೆಯೇ ನಾಲ್ಕಾರು ದಿನ.

7. ಹೂದಾನಿ ಪರೀಕ್ಷೆ

ಪ್ರತಿ ಕೊಯ್ಲಿನಿಂದ ಪ್ರತಿ ಜಾತಿಯ ಮೂರು ದಂಟನ್ನು ಪಕ್ಕಕ್ಕಿಡಿ. ಕೊಳ್ಳುವವರ ಹೂವು ಹಾದುಹೋಗುವ ಹಂತಗಳನ್ನೇ ಇವೂ ಹಾದುಹೋಗಲಿ. ಆಮೇಲೆ ನೇರ ಬಿಸಿಲಿಲ್ಲದ, 20 °ಸೆ. ಆಸುಪಾಸಿನ ಜಾಗದಲ್ಲಿ ಹೂದಾನಿಗೆ ಹಾಕಿ ಕೊಯ್ದ ದಿನ, ತಳಿ, ದ್ರಾವಣ ಬರೆದ ಚೀಟಿ ಅಂಟಿಸಿ. ಎಷ್ಟು ದಿನ ಬಾಳಿತು ಎಂಬುದಷ್ಟೇ ಅಲ್ಲ, ಹೇಗೆ ಸತ್ತಿತು ಎಂಬುದನ್ನೂ ಬರೆದಿಡಿ.

ಎಸಳು ತಾಜಾ ಇದ್ದು ಕುತ್ತಿಗೆ ಬಾಗಿದ್ದರೆ ನಾಳ ಕಟ್ಟಿದೆ ಅಥವಾ ಹೂವು ಎಳೆಯದಿತ್ತು. ಕೆಳಗಿನ 3 ಸೆಂ.ಮೀ. ಕತ್ತರಿಸಿ ಹೊಸ ನೀರಿಗೆ ಹಾಕಿದಾಗ ತಲೆ ಎತ್ತಿದರೆ ದೋಷ ಬಕೆಟ್ಟಿನದು, ಎತ್ತದಿದ್ದರೆ ಕೊಯ್ಲಿನ ಹಂತದ್ದು. ಬಾಡುವ ಮೊದಲೇ ಹೂಗಳು ಸುರಿದುಬಿದ್ದರೆ ಎಥಿಲೀನ್. ಮೇಲಿನ ಮೊಗ್ಗು ಅರಳದೆ, ಅರಳಿದ್ದು ಬಣ್ಣಗೆಟ್ಟಿದ್ದರೆ ಹಸಿವು, ಇಲ್ಲವೇ ಕೊಯ್ಲಿನ ನಂತರ ತುಂಬ ಹೊತ್ತು ಕಾವಿನಲ್ಲಿತ್ತು. ಎಸಳಿನ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆ ಹರಡುತ್ತಿದ್ದರೆ ಬೋಟ್ರೈಟಿಸ್, ಅದರ ಬೇರು ಹೊಲದ ತೇವದಲ್ಲಿದೆ. ಕೋಣೆಯಿಂದ ತೆಗೆದ ಮರುದಿನವೇ ಎಸಳಂಚು ನೀರುಂಡಂತಾಗಿ ಕಪ್ಪಾದರೆ ತಂಪು ಹೆಚ್ಚಾಗಿದೆ. ದಂಟಿನ ಬುಡ ಮಾತ್ರ ಬೆಳ್ಳಗೆ ಮೆತ್ತಗಾಗಿದ್ದರೆ ಕ್ಲೋರಿನ್ ಅಳತೆ ತಪ್ಪಿದೆ. ಮುಂದಿನ ಕೊಯ್ಲಿನಲ್ಲಿ ಒಂದೇ ಒಂದು ಹಂತವನ್ನು ಬದಲಿಸಿ, ಮತ್ತೆ ಮೂರು ದಂಟು ಹೂದಾನಿಗೆ ಹಾಕಿ.